ಲಟ್ಟಣಿಗೆಯ ತಾಳ

ತಾಲೀಮಿನ ಹಾಡು ಅರ್ಧಕ್ಕೆ ಬಂದಾಗ ಅಮರೇಶ ಕೋಲು ಬಡಿಯುವುದನ್ನು ನಿಲ್ಲಿಸಿಬಿಟ್ಟ. ತಾನಿಲ್ಲದೆ ತಂಡ ಎಷ್ಟು ಹೊತ್ತು ನಡೆಯುತ್ತದೆಂದು ಅವನಿಗೆ ನೋಡಬೇಕಿತ್ತು.

ಮೂರು ವರ್ಷದ ಹಿಂದೆ ಇಳಕಲ್ಲಿನ ಕಾಲೇಜಿನಲ್ಲಿ ಈ ಲ್ಯಾಟಿನ್ ಅಮೆರಿಕದ ಸಂಗೀತದ ತಂಡ ಕಟ್ಟಿದಾಗ ಇದ್ದವರು ಅವನೂ ಹಾಡುವ ನೇತ್ರಾಳೂ ಇಬ್ಬರೇ. ಅವ್ವನ ಲಟ್ಟಣಿಗೆಯನ್ನು ಎರಡು ತುಂಡು ಮಾಡಿ, ಈ ಕೋಲುಗಳನ್ನು ಒಂದಕ್ಕೊಂದು ಬಡಿದು ಅವನು ತಾಳ ಹಿಡಿದಿದ್ದ: ಮೂರು ಪೆಟ್ಟು, ಆಮೇಲೆ ಎರಡು. "ಇನ್ನ ಚಪಾತಿ ನಿನ್ನ ಮುಂಗೈಲೆ ಲಟ್ಟಿಸ್ಲೇನೋ?" ಎಂದು ಅವ್ವ ಬೈದಿದ್ದಳು. ಈಗ ತಂಡದಲ್ಲಿ ಹನ್ನೊಂದು ಜನ. ಡ್ರಮ್ಮು, ಟ್ರಂಪೆಟ್ಟು ಎಲ್ಲ ಬಂದಿವೆ. ನಾಳೆ ಬಾದಾಮಿಯ ವೇದಿಕೆಯಲ್ಲಿ ಮಾತ್ರ ಹತ್ತೇ ಜನಕ್ಕೆ ಜಾಗವಂತೆ. ಯಾರನ್ನು ಬಿಡಬೇಕೆಂದು ಯಾರೂ ಬಾಯಿಬಿಟ್ಟಿರಲಿಲ್ಲ.

ಹಾಡು ಎಲ್ಲೂ ತಪ್ಪಲಿಲ್ಲ. ಸಾಲು ಮುಗಿಸಿದ ನೇತ್ರಾ ಹಿಂದಿರುಗಿ ನೋಡಿ, "ಯಾಕೋ, ಕೈ ನೋಯಾಕತ್ತಾವೇನು?" ಎಂದಳು.

"ಇಲ್ಲ, ಹಂಗ ನೋಡಾಕತ್ತೇನಿ."

"ಏನ್ ನೋಡ್ತಿ?"

ಅವನು ಕಣ್ಣು ಕೆಳಗಿಳಿಸಿದ. ಹತ್ತೂ ಜನರ ಕಾಲುಗಳು ನೆಲದ ಮೇಲೆ ಅವನದೇ ಮೂರು, ಎರಡು ಪೆಟ್ಟನ್ನು ಕುಟ್ಟುತ್ತಿದ್ದವು. ತಾನು ತಂಡದ ಒಳಗಿದ್ದೇನೆಯೋ ಹೊರಗಿದ್ದೇನೆಯೋ ತಿಳಿಯದೆ ಅವನು ಮತ್ತೆ ಕೋಲು ಎತ್ತಿದ. ಇಷ್ಟು ದಿನ ಎಲ್ಲರಿಗೂ ತಾಳ ತೋರಿಸಿದವನು, ಎಲ್ಲಿ ಸೇರಿಕೊಳ್ಳಬೇಕೆಂದು ಅವರ ಕಾಲುಗಳನ್ನೇ ನೋಡುತ್ತಾ ನಿಂತ.