ಸಾಹೇಬರ ಅಪ್ಪಣೆ

“ಉಣ್ಣಿ ಸಾರ್, ಉಣ್ಣಿ!” ನೀರಿನ ಟ್ಯಾಂಕಿಗೆ ಒರಗಿಸಿದ ಏಣಿಯ ಮೇಲೆ ನಿಂತು ಪಕ್ಷಿವೈದ್ಯೆ ಮೂರನೇ ಸಲ ಫೋನಿಗೆ ಕೂಗಿದಳು. ಎದುರಿನ ಗೂಡಿನಲ್ಲಿ ಹದ್ದಿನ ಮರಿ ಕತ್ತೆತ್ತಲಾರದೆ ಬಿದ್ದಿತ್ತು. ಅದರ ರೆಪ್ಪೆಯಂಚಿಗೆ, ಕಿವಿಯ ತೂತಿಗೆ ಉಣ್ಣಿಗಳು ಕಚ್ಚಿಕೊಂಡು, ರಕ್ತ ಕುಡಿದು ಮೆಣಸಿನ ಕಾಳಿನಷ್ಟು ಉಬ್ಬಿದ್ದವು. ಚಿಮಟ ಕೈಯಲ್ಲೇ ಇತ್ತು. ಆದರೆ ಸಾಹೇಬರ ಅಪ್ಪಣೆಯಿಲ್ಲದೆ ಗೂಡು ಮುಟ್ಟುವಂತಿಲ್ಲ ಎಂಬುದು ಅರಣ್ಯ ಇಲಾಖೆಯ ನಿಯಮ. ಎರಡು ದಿನದಿಂದ ಕೇಳಿ ಕೇಳಿ ಅವಳ ಗಂಟಲು ಕಟ್ಟಿತ್ತು. ಸಾಹೇಬರದು ಒಂದೇ ಮಾತು, ‘ನೋಡೋಣ’.

ಆ ಕಡೆ ತಟ್ಟೆಯ ಸದ್ದು, ಬಾಯ್ತುಂಬ ತುತ್ತು. “ಅಯ್ಯೋ, ಉಣ್ತಾನೇ ಇದೀನಮ್ಮ! ಎಷ್ಟು ಸಲ ಉಪಚಾರ ಮಾಡ್ತೀರಿ? ನನಗೋಸ್ಕರ ಕಾಯಬೇಡಿ, ನೀವೂ ಶುರು ಮಾಡಿ!”

ಫೋನ್ ಕಟ್ಟಾಯಿತು. ಹಣೆ ಚಚ್ಚಿಕೊಳ್ಳಲು ಚಿಮಟ ಹಿಡಿದ ಕೈಯನ್ನೇ ಎತ್ತಿದವಳು ಅರ್ಧಕ್ಕೆ ನಿಲ್ಲಿಸಿದಳು.

“ಇವತ್ತೂ ‘ನೋಡೋಣ’ ಅಂದ್ರಾ ಮೇಡಂ?” ಕೆಳಗೆ ಏಣಿ ಹಿಡಿದಿದ್ದ ಡ್ರೈವರ್ ಕೇಳಿದ.

“ಇಲ್ಲಪ್ಪ. ‘ನನಗೋಸ್ಕರ ಕಾಯಬೇಡಿ, ಶುರು ಮಾಡಿ’ ಅಂದ್ರು,” ಎನ್ನುತ್ತ ಅವಳು ಮೊದಲ ಉಣ್ಣಿಗೆ ಚಿಮಟ ಹಾಕಿದಳು.