ಉತ್ತಯ್ಯನ ಆಯಾಸ

ಕಣ್ಣು ಮುಚ್ಚಿಹೋದರೆ ಏನು ಗತಿ ಎಂದು ಟ್ರ್ಯಾಕಿನ ಪಕ್ಕದ ಗ್ಯಾರೇಜಿನಲ್ಲಿ ಕೂತಿದ್ದ ಯಶೋಮತಿ ಒಳಗೊಳಗೇ ಹೆದರುತ್ತಿದ್ದಳು. ಇಪ್ಪತ್ತನಾಲ್ಕು ಗಂಟೆಯ ರೇಸಿನಲ್ಲಿ ಗರುಡ ಕಂಪನಿಯ ಕಾರು ಓಡಿಸುತ್ತಿದ್ದ ಉತ್ತಯ್ಯನ ಆಯಾಸವನ್ನೆಲ್ಲ ಮಣಿಕಟ್ಟಿನ ಪಟ್ಟಿಯ ಮೂಲಕ ತಾನು ಹೊರುವುದು ಅವಳ ಕೆಲಸ. ಅವಳು ನಿದ್ದೆಹೋದರೆ ಅಷ್ಟೂ ಒಮ್ಮೆಲೇ ಅವನಿಗೆ ಮರಳುತ್ತಿತ್ತು. ಶರಭ ಕಂಪನಿಯ ಕಾರು ನಾಲ್ಕೇ ಸೆಕೆಂಡು ಹಿಂದಿತ್ತು. ಈಗ ಕಾರು ಗ್ಯಾರೇಜಿನೊಳಗೆ ಬಂದು ನಿಂತರೆ ಸೋಲು.

"ಇನ್ನು ಅರ್ಧ ಗಂಟೆ. ಕೂತಲ್ಲೇ ಕೂತಿರೋಕೆ ಡಿಗ್ರಿ ಬೇರೆ ಮಾಡಿದೀಯ, ತಡ್ಕೊಳ್ತೀಯ ತಾನೇ?" ಮ್ಯಾನೇಜರ್ ಜಯಸಿಂಹ ಚುಚ್ಚಿದ.

ಎಂದಿನಂತೆ ಅವಳ ತಲೆ ಹೌದೆಂದು ತಾನಾಗಿ ಆಡಿತು. ಇಯರ್‌ಫೋನಿನಲ್ಲಿ ಉತ್ತಯ್ಯ, ಆಗತಾನೆ ನಿದ್ದೆಯಿಂದ ಎದ್ದವನಂತೆ, ಹಾಡಿಕೊಳ್ಳುತ್ತಿದ್ದ. "ನೀನಿದ್ದೀಯಲ್ಲಮ್ಮಾ, ನನಗೇನು ಚಿಂತೆ!" ಎಂದ.

ಅವಳು ಗೋಡೆ ಹಿಡಿದು ಎದ್ದು ನಿಂತಳು.

"ಇಲ್ಲ ಸರ್, ನಾನು ತಲೆಯಾಡಿಸಿದ್ದು ಸುಳ್ಳು. ನನಗಿನ್ನು ತಡ್ಕೊಳ್ಳೋಕಾಗಲ್ಲ. ಅವರನ್ನ ಒಳಗೆ ಕರೀರಿ."