ಹೆಸರಿಲ್ಲದ ಕಲ್ಲಿಗೆ ಕಂಬಳಿ

ಕರಿ ಕಂಬಳಿಯ ಕಮಟು ವಾಸನೆ ಈಗಲೂ ನನ್ನನ್ನು ಸೊಲ್ಲಾಪುರದ ಗೋರಾ, ಅಂದರೆ ಬಿಳಿಯ, ಸೈನಿಕರ ಸ್ಮಶಾನಕ್ಕೆ ಎಳೆದೊಯ್ಯುತ್ತದೆ. ಅಜ್ಜಿಯ ಅಣ್ಣ ಬ್ರಿಟಿಷರ ಫೌಜು ಸೇರಿ ಯಾವುದೋ ಹಿಮದ ನಾಡಿನಲ್ಲಿ ಸತ್ತಿದ್ದ. ಗೋರಿ ಎಲ್ಲಿದೆಯೋ ಮನೆಯವರಿಗೆ ಗೊತ್ತಿರಲಿಲ್ಲ. ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ, ಅವನಿಗೆಂದೇ ನೇಯ್ದಿಟ್ಟ ಕಂಬಳಿ ಹೊತ್ತು ಅಜ್ಜಿ ನನ್ನನ್ನೂ ಆ ಸ್ಮಶಾನಕ್ಕೆ ಕರೆದೊಯ್ದಳು. ಮೂಲೆಯ ಸವೆದ ಕಲ್ಲಿನ ಮುಂದೆ ನಿಂತು, "ಯಾರ ಹೆಸರ ಐತಿ, ಓದವ್ವಾ," ಅಂದಳು.

"ಹೆಸರೆಲ್ಲಾ ಅಳಿಸಿ ಹೋಗೈತಿ, ಆಯಿ," ಎಂದೆ ಅಜ್ಜಿಗೆ.

"ಇದು ಗೋರಾ ಸಾಹೇಬರ ಜಾಗಾರಿ. ನಿಮ್ಮವರು ಇಲ್ಲಿಲ್ಲ," ಎಂದ ಹತ್ತಿರ ಬಂದ ಸ್ಮಶಾನದ ಕಾವಲುಗಾರ.

"ಹೆಸರ ಇಲ್ಲಂದ ಮ್ಯಾಲ ನಮ್ಮಂವಾ ಅಲ್ಲಂತ ಹ್ಯಾಂಗ ಹೇಳ್ತೀಯೋ ತಮ್ಮಾ?"

ಬಿಸಿಲಿಗೆ ಕಾದು ಕೈ ಸುಡುತ್ತಿದ್ದ ಆ ಕಲ್ಲಿಗೆ ಅಜ್ಜಿ ಮನೆದೇವರು ಬೀರೋಬಾನ ಭಂಡಾರದ ಅರಿಶಿನ ಹಚ್ಚಿ, ಕಂಬಳಿ ಹೊದಿಸಿದಳು. "ಅಲ್ಲಿ ಭಾಳ ಥಂಡಿ ಇತ್ತಂತ," ಎನ್ನುತ್ತ ಅದರ ಅಂಚುಗಳನ್ನು ಕಲ್ಲಿನಡಿ ಸಿಕ್ಕಿಸಿದಳು.